ಇದ್ದ ಬಣ್ಣದಲ್ಲೇ ತೆಗೆದವರು

ಅವರ ಎಡಗಣ್ಣು ಸದಾ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ನಲವತ್ತು ವರ್ಷ ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ, ಎಡಗಣ್ಣನ್ನು ಕಿವುಚಿಕೊಂಡು ನಿಂತು ನಿಂತು ಆ ರೆಪ್ಪೆ ಹಾಗೇ ಜೋತುಬಿದ್ದಿತ್ತು. ಕಾಫಿ ಕುಡಿಯುವಾಗಲೂ ಎದುರಿನವರನ್ನು ಅಳೆಯುತ್ತಿರುವಂತೆ ಕಾಣುತ್ತಿದ್ದರು. ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮೊದಲ ಮಹಡಿಯಲ್ಲಿ ಅವರ ಸ್ಟುಡಿಯೋ. ಎಲ್ಲರಿಗೂ ಅವರು ಸ್ಟುಡಿಯೋ ಯಜಮಾನರು.

ತಂಗಿಯ ಮದುವೆಗೆ ಫೋಟೋದವರನ್ನು ಹುಡುಕುತ್ತ ನಾನೂ ಅವಳೂ ಹತ್ತಿದ ಐದನೆಯ ಸ್ಟುಡಿಯೋ ಅವರದು. ಮೊದಲ ನಾಲ್ಕು ಕಡೆ ಕಂಡದ್ದನ್ನು ವರದಿ ಮಾಡಲು ಒಂದು ವಾಕ್ಯ ಸಾಕು: ಅವಳ ಮುಖ ನೋಡಿದ ಕೂಡಲೇ ನಾಲ್ವರೂ ಬಣ್ಣದ ಮಾತು ತೆಗೆದರು. ತಂಗಿ ಅಮ್ಮನಂತೆ ಕಪ್ಪು. ಹೆಣ್ಣು ನೋಡಲು ತ್ಯಾಮಗೊಂಡ್ಲುವಿನಿಂದ ಬಂದಿದ್ದ ಗಂಡಿನ ಸೋದರತ್ತೆಯೂ ಉಪ್ಪಿಟ್ಟು ತಿನ್ನುತ್ತ, ಅವಳ ಎದುರಿಗೇ, "ಬಣ್ಣ ಒಂಚೂರು ಕಮ್ಮಿ. ಇರ್ಲಿ ಬಿಡಿ, ಫೋಟೋದಲ್ಲಿ ಸರಿ ಮಾಡ್ಸಿದ್ರಾಯ್ತು" ಅಂದಿದ್ದರು. ನಾಲ್ಕನೆಯ ಸ್ಟುಡಿಯೋದವನಂತೂ ಕೇಳದೆಯೇ ಫೋನಿನಲ್ಲಿ ಅವಳ ಫೋಟೋ ತೆಗೆದು, ಬೆರಳಾಡಿಸಿ, ಸುಣ್ಣ ಬಳಿದಂಥ ಒಂದು ಮುಖವನ್ನು ತೋರಿಸಿದ.

"ಹೆಂಗೆ ಅಕ್ಕಾ? ಹೀರೋಯಿನ್!"

"ಚೆನ್ನಾಗವ್ಳೆ. ಯಾರಿವ್ಳು?" ಎಂದಳು ತಂಗಿ.

ಅವನು ನಕ್ಕ. ನನಗೆ ಹೇಸಿಗೆಯಾಯಿತು. ಕೆಳಗಿಳಿದ ಮೇಲೆ ಅವಳು ಹೇಳಿದ್ದು ಇಷ್ಟೇ: "ಅಣ್ಣ, ನನ್ನ ಮದ್ವೆ ಆಲ್ಬಮ್ಮಲ್ಲಿ ನಾನೇ ಇರ್ಬೇಕು. ಇನ್ನೇನೂ ಕೇಳಲ್ಲ."

ಯಜಮಾನರು ಆಲ್ಬಮ್ ತೋರಿಸಲಿಲ್ಲ. ಅವಳನ್ನು ಕಿಟಕಿಯ ಪಕ್ಕ ಕೂರಿಸಿ ಸುಮ್ಮನೆ ನೋಡಿದರು.

"ನಿನ್ನ ಬಣ್ಣಕ್ಕೆ ಬೆಳಕು ಪಕ್ಕದಿಂದ ಬರ್ಬೇಕು ಕಣಮ್ಮ. ಎದುರಿಗೆ ಫ್ಲ್ಯಾಶ್ ಹೊಡೆದ್ರೆ ಬೂದಿ ಬಳ್ದಂಗಾಯ್ತದೆ. ಮೇಕಪ್ಪಿನೋರ್ಗೂ ಹೇಳ್ಬುಡು, ಕತ್ತೊಂದು ಬಣ್ಣ, ಮುಖ ಒಂದು ಬಣ್ಣ ಮಾಡ್ಬೇಡಿ ಅಂತ."

"ಇವ್ರೇ ಸಾಕು ಅಣ್ಣ" ಎಂದಳು.

ಮುಹೂರ್ತದಲ್ಲಿ ಅವರು ಯಾರನ್ನೂ ತಳ್ಳಲಿಲ್ಲ, ‘ನಗಿ’ ಎನ್ನಲಿಲ್ಲ. ಮಂಟಪದ ಬಲಕ್ಕೆ ಎರಡು ಕುರ್ಚಿಗಳ ನಡುವೆ ಬಿಳಿ ಪಂಚೆಯೊಂದನ್ನು ಕಟ್ಟಿ, ಫೋಟೋ ದೀಪವನ್ನು ಅದಕ್ಕೆ ತಿರುಗಿಸಿ, ಅಲ್ಲಿಂದ ಮರಳಿ ಬಂದ ಬೆಳಕಿನಲ್ಲಿ ತಂಗಿಯನ್ನು ತೆಗೆದರು. ಯಾರಾದರೂ ಕ್ಯಾಮೆರಾ ನೋಡುತ್ತ ನಿಂತರೆ, "ನೀವು ನಿಮ್ಮ ಕೆಲ್ಸ ನೋಡ್ಕಳಿ, ನಾನು ನಂದು ನೋಡ್ಕತೀನಿ" ಎನ್ನುತ್ತಿದ್ದರು.

ವಾರದ ನಂತರ ಸೋದರತ್ತೆ ನನಗೆ ಫೋನು ಮಾಡಿದರು. "ಆಲ್ಬಮ್ ಪ್ರಿಂಟಿಗೆ ಹೋಗೋಕ್ ಮುಂಚೆ ಹುಡ್ಗೀನ ಒಂಚೂರು ತಿಳಿ ಮಾಡಿಸ್ಬಿಡಪ್ಪ. ನಾಲ್ಕು ಜನ ನೋಡೋದು. ನಿನ್ನ ತಂಗಿ ಬಾಳೋ ಮನೆ ಇದು."

ನಾನು ಕೆಲಸ ಮಾಡುವ ಪತ್ರಿಕೆಯಲ್ಲಿ, ತಿದ್ದಿದ ಫೋಟೋ ಕಳಿಸಿದ ವರದಿಗಾರನನ್ನು ಎಲ್ಲರೆದುರು ಗದರಿದವನು ನಾನು. ಅಂಥ ನಾನೇ ಮರುದಿನ ತಂಗಿಗೆ ತಿಳಿಸದೆ ಸ್ಟುಡಿಯೋಗೆ ಹೋಗಿ, "ಸ್ವಲ್ಪ ತಿಳಿ ಮಾಡಿಬಿಡಿ ಸಾರ್" ಎಂದೆ.

ಅವರು ವಾದಿಸಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಫೋಟೋ ತೆರೆದರು. ಅಮ್ಮ ಅಕ್ಷತೆ ಹಾಕುತ್ತಿದ್ದಾಳೆ, ತಂಗಿ ತಲೆ ಬಾಗಿಸಿದ್ದಾಳೆ. ಮೌಸ್ ಎಳೆದರು. ತಂಗಿ ಬೆಳ್ಳಗಾಗುತ್ತಾ ಹೋದಳು.

"ಸಾಕಾ? ಈಗ ತಾಯೀನೂ ಬೆಳ್ಳಗೆ ಮಾಡಾನಾ? ಇಲ್ದಿದ್ರೆ ಈವಮ್ಮ ಯಾರೋ, ಈ ಮಗು ಯಾರೋ ಅನ್ನಂಗದೆ."

ಪರದೆಯ ಮೇಲೆ ನನ್ನ ಅಮ್ಮ ಯಾವಳೋ ಅಪರಿಚಿತಳ ತಲೆಗೆ ಅಕ್ಷತೆ ಹಾಕುತ್ತಿದ್ದಳು. ಆ ನಾಲ್ಕು ಅಂಗಡಿಗಳ ಮೇಲೆ, ಆ ಸೋದರತ್ತೆಯ ಮೇಲೆ ಇದ್ದ ಹೇಸಿಗೆಯೆಲ್ಲ ಸೇರಿದರೂ ಆ ಕ್ಷಣ ನನ್ನ ಮೇಲೆ ನನಗಾದಷ್ಟು ಆಗಲಾರದು.

"ಬೇಡ ಸಾರ್. ಇದ್ದಂಗೇ ಇರ್ಲಿ."

ಒಂದು ಗುಂಡಿ ಒತ್ತಿದರು. ತಂಗಿ ಮರಳಿ ಬಂದಳು. "ನೀವು ಬಂದಿದ್ದು ಆ ಮಗೀಗೆ ಹೇಳಾಕಿಲ್ಲ ಬುಡಿ" ಎಂದು ನನಗೆ ಕಾಫಿ ತರಿಸಿದರು.

ಆಲ್ಬಮ್ ಕಂಡು ಸೋದರತ್ತೆ ಮೂಗು ಮುರಿದರಂತೆ. "ನಾನ್ ಮದ್ವೆ ಆಗಿದ್ದು ಇವ್ಳನ್ನೇ ಅಲ್ವಾ ಅತ್ತೆ?" ಎಂದನಂತೆ ತಂಗಿಯ ಗಂಡ.

ಯಜಮಾನರು ಕಳೆದ ವರ್ಷ ತೀರಿಕೊಂಡರು. ತಂಗಿ ತ್ಯಾಮಗೊಂಡ್ಲುವಿನಿಂದ ಬಂದಳು. ಯಜಮಾನರ ಮನೆಯ ಬಾಗಿಲಲ್ಲಿ ನನ್ನ ಕೈ ಹಿಡಿದು ಅತ್ತಳು.

"ನಮ್ಮನೆಯವ್ರನ್ನ ಬಿಟ್ರೆ ನೀನೂ ಅವ್ರೂ ಇಬ್ರೇ ಕಣಣ್ಣ, ನನ್ನನ್ನ ನಾನಿದ್ದಂಗೆ ಬಿಟ್ಟಿದ್ದು."

ಅಂದು ನಾನು ಸ್ಟುಡಿಯೋಗೆ ಹೋಗಿದ್ದನ್ನು ಅವರು ಅವಳಿಗೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ, ತಲೆಯಾಡಿಸಿದೆ.