ಅರ್ಥ್ ಪಿನ್ ಕೊಯ್ದವರು

ಹೋದ ತಿಂಗಳು ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿನಿ ವೈರಿನ ಸಮೇತ ಒಂದು ಪ್ಲಗ್ಗನ್ನು ನನ್ನ ಮೇಜಿನ ಮೇಲಿಟ್ಟು, "ಮೇಡಂ, ಇದು ಸಾಕೆಟ್ಟಲ್ಲಿ ನಿಲ್ತಾನೇ ಇಲ್ಲ" ಎಂದಳು. ಎತ್ತಿ ನೋಡಿದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನೇ ಇರಲಿಲ್ಲ. ಯಾರೋ ಗರಗಸದ ಬ್ಲೇಡಿನಿಂದ ಬುಡಕ್ಕೆ ಕೊಯ್ದಿದ್ದರು. ಬೆರಳಾಡಿಸಿದೆ, ಹಿತ್ತಾಳೆಯ ವಾಸನೆ ಕೈಗೆ ಹತ್ತಿತು. ಆಮೇಲೆ ನಾನು ಕೂಗಾಡಿದ್ದು ಪಕ್ಕದ ಕ್ಲಾಸಿಗೂ ಕೇಳಿಸಿತಂತೆ. ಒಂದು ಪಿನ್ನಿಗೆ ಮೇಡಂ ಇಷ್ಟೊಂದು ರಂಪ ಮಾಡುವುದೇಕೆ ಎಂದು ಮಕ್ಕಳು ಮುಖಮುಖ ನೋಡಿಕೊಂಡರು. ಹಾಗೆ ಕೂಗಾಡುವ ಯೋಗ್ಯತೆ ನನಗೆ ಇಲ್ಲವೆಂಬುದು ಪಾಪ, ಅವರಿಗೇನು ಗೊತ್ತು...

ನಾನು ಓದಿದ ಕಾಲೇಜು ಪೀಣ್ಯದ ಆಚೆ, ಕಾರ್ಖಾನೆಗಳ ಮಧ್ಯೆ ಇತ್ತು. ಕಿಟಕಿ ತೆಗೆದರೆ ಲೇತ್ ಮೆಷಿನ್ನುಗಳ ಸದ್ದು, ಮುಚ್ಚಿದರೆ ಸೆಕೆ. ನಮ್ಮಪ್ಪ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಮ್ಮ ಕ್ವಾರ್ಟರ್ಸಿನ ಬೀದಿಯಲ್ಲಿ ಎಂಜಿನಿಯರ್ ಅಂದರೆ ಅಪ್ಪಂದಿರು ಎದ್ದು ನಿಂತು 'ಸಾರ್' ಅನ್ನಬೇಕಾದ ವ್ಯಕ್ತಿ. ಮಗಳು ಆ ಕುರ್ಚಿಯಲ್ಲಿ ಕೂರಬೇಕು ಎನ್ನುವುದು ಅಪ್ಪನ ಒಂದೇ ಆಸೆ. ಹಾಗಾಗಿ ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸೇರಿದೆ. ಕರೆಂಟಿನ ಬಗ್ಗೆ ನಾಲ್ಕು ವರ್ಷ ಪಾಠ ಮಾಡುವ ಆ ಕಾಲೇಜಿನಲ್ಲಿ ಕರೆಂಟು ಹೋದರೆ ಜನರೇಟರ್ ಓಡುತ್ತಿದ್ದುದು ಪ್ರಿನ್ಸಿಪಾಲರ ಕೋಣೆಗೆ ಮಾತ್ರ.

ಇನ್‌ಸ್ಟ್ರಕ್ಟರ್ ನನಗೆ ಸಿಕ್ಕಿದ್ದು ಅಲ್ಲಿನ ಲ್ಯಾಬಿನಲ್ಲಿ. ಐಟಿಐ ಓದಿದವರು. ಇಪ್ಪತ್ತೈದು ವರ್ಷ ದುಡಿದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದಿದ್ದರು. ಡಿಗ್ರಿ ಇಲ್ಲದ್ದರಿಂದ ಅವರು ಲೆಕ್ಚರರ್ ಅಲ್ಲ; ನಾವೂ ಅವರನ್ನು ಬರಿದೇ 'ಇನ್‌ಸ್ಟ್ರಕ್ಟರ್' ಎಂದೇ ಕರೆಯುತ್ತಿದ್ದೆವು. ಲೆಕ್ಚರರ್‌ಗಳು ಬೋರ್ಡಿನ ಮೇಲೆ ಸರ್ಕ್ಯೂಟ್ ಬರೆದು ಕಾಫಿಗೆ ಹೋಗುತ್ತಿದ್ದರು. ಅದನ್ನು ಮೇಜಿನ ಮೇಲೆ ಜೋಡಿಸಲು ಕಲಿಸುತ್ತಿದ್ದವರು ಇವರು. ಹಳೆಯ ಕಾರ್ಖಾನೆಯ ನೀಲಿ ಕೋಟು, ಜೇಬಿನಲ್ಲಿ ಟೆಸ್ಟರ್, ಮಾತಿನಲ್ಲಿ ತುಮಕೂರು ಕಡೆಯ ಹಳ್ಳಿ.

ಕರೆಂಟು ಹರಿಯುವ ಸರ್ಕ್ಯೂಟನ್ನು ಮುಟ್ಟುವಾಗ ಎಡಗೈ ಬೆನ್ನ ಹಿಂದೆ ಇರಬೇಕೆಂಬುದು ಅವರ ಕಾನೂನು. ಎರಡೂ ಕೈ ಮುಟ್ಟಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ. ಮೂವತ್ತು ಜನ ಹುಡುಗ ಹುಡುಗಿಯರು ಒಂದು ಕೈ ಹಿಂದಿಟ್ಟುಕೊಂಡು ನಿಂತಿದ್ದನ್ನು ನೋಡಿ ಬೇರೆ ಬ್ರಾಂಚಿನವರು, "ಏನ್ ಗುರು, ಸ್ಟಾರ್ ಹೋಟ್ಲಲ್ಲಿ ಬಡಿಸೋಕೆ ನಿಂತಿದ್ದೀರಾ?" ಎಂದು ನಗುತ್ತಿದ್ದರು. ಇನ್ನು ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಆ ದಪ್ಪ ಅರ್ಥ್ ಪಿನ್ನಿನ ವಿಷಯ ಬಂದರಂತೂ ಅವರಿಗೆ ಮೈಮೇಲೆ ಬರುತ್ತಿತ್ತು. "ಅರ್ಥ್ ಇಲ್ದಿದ್ರೆ ಎಲ್ಲಾ ಅನರ್ಥ ಕಣಮ್ಮ" ಎನ್ನುವುದು ಪ್ರತಿ ವರ್ಷ, ಪ್ರತಿ ಬ್ಯಾಚಿಗೂ ಅವರು ಹೇಳುತ್ತಿದ್ದ ಒಂದೇ ಜೋಕು. ನಾವು ಹಲ್ಲು ಕಿಸಿಯುತ್ತಿದ್ದೆವು.

ಅವರ ಮಗಳು ಅದೇ ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಕೆಳಗಿನ ಕ್ಲಾಸಿನಲ್ಲಿ, ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಓದುತ್ತಿದ್ದಳು. ಸಿಬ್ಬಂದಿಯ ಮಕ್ಕಳಿಗೆ ಫೀಸಿಲ್ಲ ಎಂಬ ನಿಯಮವಿತ್ತು. ಅವರು ಆ ಕೆಲಸ ಹಿಡಿದದ್ದೇ ಅದಕ್ಕಾಗಿ. ಮಧ್ಯಾಹ್ನ ಅಪ್ಪ ಮಗಳು ಲ್ಯಾಬಿನ ಹಿಂದಿನ ಬೆಂಚಿನಲ್ಲಿ ಒಂದೇ ಕ್ಯಾರಿಯರ್ ಬಿಚ್ಚಿ ಉಣ್ಣುತ್ತಿದ್ದರು. ಮಗಳು ಆಂಟೆನಾ ಬಗ್ಗೆ ಏನೇನೋ ಹೇಳುತ್ತಿದ್ದಳು. ಅವರು ಅರ್ಧ ಅರ್ಥವಾದವರಂತೆ, ಪೂರ್ತಿ ಖುಷಿಯಾದವರಂತೆ ತಲೆಯಾಡಿಸುತ್ತಿದ್ದರು.

ಕೊನೆಯ ವರ್ಷದ ಪವರ್ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ತೊಂದರೆ ಶುರುವಾಯಿತು. ಅಲೆಗಳ ಆಕಾರ ತೋರಿಸುವ ಪರದೆಯ ಪೆಟ್ಟಿಗೆಗೆ ಸಿಆರ್‌ಒ ಎನ್ನುತ್ತಾರೆ. ಅದನ್ನು ನೇರವಾಗಿ ಗೋಡೆಯ ಕರೆಂಟಿನ ಸರ್ಕ್ಯೂಟಿಗೆ ಜೋಡಿಸಿದರೆ ಕಿಡಿ ಹಾರಿ ಫ್ಯೂಸು ಹೋಗುತ್ತದೆ. ತಪ್ಪಿಸಲು ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರಬೇಕು. ನಮ್ಮಲ್ಲಿದ್ದದ್ದು ಒಂದೇ, ಅದೂ ಸುಟ್ಟುಹೋಗಿತ್ತು. ಹೊಸದು ಬೇಕೆಂದು ಇನ್‌ಸ್ಟ್ರಕ್ಟರ್ ಮೂರು ಸಲ ಬರೆದುಕೊಟ್ಟಿದ್ದರು. ಆದರೆ ಇದಕ್ಕೊಂದು ಅಡ್ಡದಾರಿಯಿದೆ, ಕಾಲೇಜುಗಳ ಲ್ಯಾಬುಗಳಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಸಿಆರ್‌ಒ ಪ್ಲಗ್ಗಿನ ಅರ್ಥ್ ಪಿನ್ ಕೊಯ್ದುಬಿಡುವುದು. ಆಗ ಕಿಡಿಯಿಲ್ಲ, ಅಲೆ ಪರದೆಯ ಮೇಲೆ ಚಂದವಾಗಿ ಬರುತ್ತದೆ. ಆದರೆ ಪೆಟ್ಟಿಗೆಯ ಲೋಹದ ಮೈಗೆಲ್ಲ ಕರೆಂಟು ಬಂದು ಕೂತಿರುತ್ತದೆ. ಮುಟ್ಟಿದವರ ಪುಣ್ಯ.

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು. ಪಿನ್ ತೆಗೆಯಿರಿ ಎಂದು ಎಚ್‌ಒಡಿ, ಅಂದರೆ ನಮ್ಮ ವಿಭಾಗದ ಮುಖ್ಯಸ್ಥರು, ಹೇಳಿದರು. ಇನ್‌ಸ್ಟ್ರಕ್ಟರ್ ನನ್ನೊಬ್ಬಳ ಎದುರೇ, "ನನ್ ಕೈಲಿ ಆಗಲ್ಲ ಸಾರ್. ಇಂಗೆ ಮಾಡ್ಬಾರ್ದು" ಎಂದರು. ಎಚ್‌ಒಡಿಗೆ ಮುಖ ಕೆಂಪಾಯಿತು. ಮರುದಿನ ನನ್ನನ್ನು ಕರೆಸಿದರು. ನಾನು ಕ್ಲಾಸಿಗೆ ಮೊದಲಿಗಳು, ಹೇಳಿದ್ದನ್ನು ಕೇಳುವವಳು. "ನೋಡಮ್ಮ, ಹೊರಗಿನ ಎಕ್ಸಾಮಿನರ್ ಬರ್ತಾರೆ. ವೇವ್‌ಫಾರ್ಮ್ ಬರ್ಲಿಲ್ಲ ಅಂದ್ರೆ ಎಲ್ಲರ ಮಾರ್ಕ್ಸೂ ಹೋಗುತ್ತೆ. ಆ ಮನುಷ್ಯ ಹಳೇ ಕಾಲದವರು. ನೀನೇ ಮಾಡಿಬಿಡು, ಎಲ್ಲಾ ಕಡೆ ಮಾಡ್ತಾರೆ" ಎಂದರು.

ರೆಕಾರ್ಡಿಗೆ ಎರಡು ರೀಡಿಂಗ್ ಬಾಕಿ ಇದೆ ಎಂದು ಸುಳ್ಳು ಹೇಳಿ ನಾನು ಇನ್‌ಸ್ಟ್ರಕ್ಟರ್ ಹತ್ತಿರ ಲ್ಯಾಬಿನ ಬೀಗದ ಕೈ ಕೇಳಿದೆ. ಅವರು ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ನನಗೆ ಕೊಟ್ಟರು. "ನೀನಾದ್ರೆ ಪರ್ವಾಗಿಲ್ಲ" ಎಂದರು. ಆರು ಸಿಆರ್‌ಒಗಳ ಪಿನ್ ಕೊಯ್ಯಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಹಿತ್ತಾಳೆಯ ಪುಡಿಯನ್ನು ಕರ್ಚೀಫಿನಲ್ಲಿ ಒರೆಸಿ, ಬೀಗ ಹಾಕಿ, ಬೀಗದ ಕೈಯನ್ನು ವಾಪಸ್ಸು ಕೊಟ್ಟು ಬಂದೆ. ದೊಡ್ಡವರ ನಂಬಿಕೆಗೆ ಪಾತ್ರಳಾದೆ ಎಂದು ಅವತ್ತು ಹೆಮ್ಮೆಯಾಗಿತ್ತು, ಇದನ್ನು ಬರೆಯಲು ಈಗ ಅಸಹ್ಯವಾಗುತ್ತದೆ.

ಮಾರನೆಯ ದಿನ ಬೆಳಗಿನ ಮೊದಲ ಲ್ಯಾಬಿನಲ್ಲೇ ನನ್ನ ಜೊತೆಗಾತಿಗೆ ಶಾಕ್ ಹೊಡೆಯಿತು. ಒಂದು ಕೈ ಕಬ್ಬಿಣದ ಮೇಜಿನ ಮೇಲಿತ್ತು, ಇನ್ನೊಂದರಲ್ಲಿ ಸಿಆರ್‌ಒ ಪೆಟ್ಟಿಗೆಯ ಅಂಚು ಹಿಡಿದಿದ್ದಳು. ಒಂದು ವಿಚಿತ್ರ ದನಿ ಹೊರಟಿತು ಅವಳಿಂದ... ಇನ್‌ಸ್ಟ್ರಕ್ಟರ್ ಓಡಿಬಂದು ಮೇನ್ ಸ್ವಿಚ್ ಇಳಿಸುವಷ್ಟರಲ್ಲಿ ಅವಳು ಹಿಂದಕ್ಕೆ ಬಿದ್ದು ಮುಂಗೈ ಮುರಿದುಕೊಂಡಿದ್ದಳು. ಜೀವ ಉಳಿಯಿತು. ಇನ್‌ಸ್ಟ್ರಕ್ಟರ್ ಪ್ಲಗ್ಗು ಎಳೆದು ನೋಡಿದರು. ಇನ್ನೊಂದನ್ನು ಎಳೆದರು, ಮತ್ತೊಂದನ್ನೂ. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದರು. ಬೀಗದ ಕೈಯನ್ನು ಕೊಟ್ಟಿದ್ದು ನನಗೊಬ್ಬಳಿಗೇ ಅಲ್ಲವೇ.

ಪೆಟ್ಟಾದ ಹುಡುಗಿಯ ತಂದೆ ಬಂದು ಗಲಾಟೆ ಮಾಡಿದರು. ಆಡಳಿತ ಮಂಡಳಿಗೆ ಯಾರದಾದರೂ ಒಂದು ತಲೆ ಬೇಕಿತ್ತು. ಎರಡು ದಿನಕ್ಕೆ ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ. ಅವಳ ಜೊತೆ ಲ್ಯಾಬ್ ಮಾಡುತ್ತಿದ್ದವಳೆಂದು ನನ್ನನ್ನೂ ಕರೆಸಿದ್ದರು. ಎಚ್‌ಒಡಿ ಕುರ್ಚಿಯಲ್ಲಿದ್ದರು, ಇನ್‌ಸ್ಟ್ರಕ್ಟರನ್ನು ನಿಲ್ಲಿಸಿದ್ದರು. ಪಿನ್ ತೆಗೆಯಿರಿ ಎಂದು ತಾನು ಯಾರಿಗೂ ಹೇಳಿಲ್ಲ ಎಂದರು ಎಚ್‌ಒಡಿ, ಎದೆ ತಟ್ಟಿಕೊಂಡು. ಲ್ಯಾಬಿನ ಸಾಮಾನಿನ ಮೇಲೆ ಕಣ್ಣಿಡಬೇಕಾದದ್ದು ಯಾರ ಕೆಲಸ ಎಂದೂ ಕೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ನಾನು ಅವತ್ತು ಕಣ್ಣಾರೆ ಕಂಡೆ.

"ಕೊಯ್ದಿದ್ದು ಯಾರು ಅಂತ ನಿನಗೆ ಗೊತ್ತಾಮ್ಮ?" ಎಂದು ಪ್ರಿನ್ಸಿಪಾಲರು ನನ್ನನ್ನು ಕೇಳಿದರು.

"ಗೊತ್ತಿಲ್ಲ ಸಾರ್" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಎಚ್‌ಒಡಿ ನನ್ನನ್ನೇ ನೋಡುತ್ತಿದ್ದರು. ಮುಂದಿನ ವಾರ ಕ್ಯಾಂಪಸ್ ಇಂಟರ್‌ವ್ಯೂ ಇತ್ತು, ಅಪ್ಪನ ಮುಖ ನೆನಪಾಯಿತು... "ಲ್ಯಾಬ್ ಕೀ ಯಾವಾಗ್ಲೂ ಇನ್‌ಸ್ಟ್ರಕ್ಟರ್ ಹತ್ರಾನೇ ಇರುತ್ತೆ ಸಾರ್" ಎಂದೂ ಸೇರಿಸಿದೆ. ಆ ಎರಡನೆಯ ಮಾತನ್ನು ಯಾರೂ ಕೇಳಿರಲಿಲ್ಲ. ನಾನಾಗಿಯೇ ಕೊಟ್ಟೆ.

ಪ್ರಿನ್ಸಿಪಾಲರು ಅವರ ಕಡೆ ತಿರುಗಿ, ಬೀಗದ ಕೈಯನ್ನು ಯಾರಿಗಾದರೂ ಕೊಟ್ಟಿದ್ದಿರಾ ಎಂದರು. ಅವರು ನನ್ನ ಕಡೆ ನೋಡಲೂ ಇಲ್ಲ. "ಇಲ್ಲ ಸಾರ್. ನನ್ ಹತ್ರಾನೇ ಇತ್ತು" ಎಂದರು.

ಹೊರಗೆ ವರಾಂಡದಲ್ಲಿ ನಾನು ಅವರ ಹಿಂದೆ ಓಡಿದೆ. ಏನು ಹೇಳಬೇಕೆಂದು ಓಡಿದೆನೋ ಗೊತ್ತಿಲ್ಲ. ಅವರೇ ನಿಂತು, "ಫ್ಯಾಕ್ಟ್ರೀಲಿ ಒಂದು ರೂಲ್ಸು ಇತ್ತಮ್ಮ. ಬೀಗದ ಕೈ ಯಾರ್ ಹತ್ರ ಐತೋ ಅವ್ರೇ ಜವಾಬ್ದಾರಿ. ಕೊಟ್ಟಿದ್ದು ನನ್ ತಪ್ಪು" ಎಂದರು. ಕೋಪದಿಂದ ಅಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಪಿನ್ ಕೊಯ್ದದ್ದು ಅವರೇ ಎಂದು ಬರೆದು ಅವರನ್ನು ಅದೇ ವಾರ ಕೆಲಸದಿಂದ ತೆಗೆದರು. ಸಿಬ್ಬಂದಿಯಲ್ಲದವರ ಮಗಳಿಗೆ ಫೀಸು ಮಾಫಿ ಎಲ್ಲಿಂದ? ಮುಂದಿನ ಸೆಮಿಸ್ಟರಿಗೆ ಆ ಹುಡುಗಿ ಬರಲಿಲ್ಲ. ನನಗೆ ಡಿಸ್ಟಿಂಕ್ಷನ್ ಬಂತು. ಅಪ್ಪ ಕ್ವಾರ್ಟರ್ಸಿನ ಮನೆಮನೆಗೂ ಪೇಡಾ ಹಂಚಿದರು. ಆಮೇಲೆ ಎಂ.ಟೆಕ್, ಆಮೇಲೆ ಎಲೆಕ್ಟ್ರಾನಿಕ್ ಸಿಟಿ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ. ಎಲ್ಲರೂ ನನ್ನನ್ನು ಲ್ಯಾಬಿನ ವಿಷಯದಲ್ಲಿ ಬಲು ಕಟ್ಟುನಿಟ್ಟು ಎನ್ನುತ್ತಾರೆ.

ಪ್ಲಗ್ಗಿನ ರಂಪವಾದ ಹತ್ತೇ ದಿನಕ್ಕೆ ಮಕ್ಕಳನ್ನು ಬೊಮ್ಮಸಂದ್ರದ ಒಂದು ಕಾರ್ಖಾನೆ ತೋರಿಸಲು ಕರೆದುಕೊಂಡು ಹೋಗಬೇಕಾಗಿತ್ತು. ಪವರ್ ಸಪ್ಲೈ ಬೋರ್ಡುಗಳನ್ನು ತಯಾರಿಸುವ ಜಾಗ. ಟೆಸ್ಟಿಂಗ್ ವಿಭಾಗದಲ್ಲಿ ನಮಗೆ ವಿವರಿಸಲು ಬಂದ ಸೂಪರ್‌ವೈಸರ್ ನನ್ನ ಮುಖವನ್ನೇ ನೋಡಿ, "ನೀವು ಪೀಣ್ಯದ ಕಾಲೇಜಲ್ಲಿ ಓದಿದ್ದು ಅಲ್ವಾ ಮೇಡಂ? ಎಲೆಕ್ಟ್ರಿಕಲ್‌ನಲ್ಲಿ? ನಾನು ಇನ್‌ಸ್ಟ್ರಕ್ಟರ್ ಮಗಳು" ಎಂದಳು. ಕೂದಲು ಅಲ್ಲಲ್ಲಿ ನೆರೆತಿತ್ತು. ಹದಿನೆಂಟು ವರ್ಷ ಅದೇ ಕಾರ್ಖಾನೆಯಲ್ಲಿ, ಸೋಲ್ಡರಿಂಗ್ ಬೆಂಚಿನಿಂದ ಮೇಲೆ ಬಂದವಳು. ಅವಳ ಕೈಕೆಳಗೆ ಕೆಲಸ ಕಲಿತ ಡಿಗ್ರಿಯವರು ಅವಳ ಮೇಲಿನ ಹುದ್ದೆಗೆ ಹೋಗಿದ್ದಾರೆ ಎಂದು ಆಮೇಲೆ ಗೊತ್ತಾಯಿತು.

ಮಕ್ಕಳು ಊಟಕ್ಕೆ ಹೋದ ಮೇಲೆ ಕ್ಯಾಂಟೀನಿನ ಹೊರಗೆ ನಿಂತು, "ಅಪ್ಪ ಹೇಗಿದ್ದಾರೆ?" ಎಂದು ಕೇಳಿದೆ.

"ಹೋಗ್ಬಿಟ್ರು ಮೇಡಂ. ಎರಡು ವರ್ಷ ಆಯ್ತು." ಕೈಗ್ಲೌಸು ಕಳಚಿ ಏಪ್ರನ್ನಿನ ಜೇಬಿಗೆ ತುರುಕಿದಳು. "ನಾನು ಅವರ ಜೊತೆ ಸರಿಯಾಗಿ ಮಾತಾಡಿದ್ದೇ ಕಮ್ಮಿ ಬಿಡಿ. ಊಟ ಹಾಕ್ತಿದ್ದೆ, ಮಾತ್ರೆ ಕೊಡ್ತಿದ್ದೆ, ಅಷ್ಟೇ. ಊರಿಗೆಲ್ಲ ಬುದ್ಧಿ ಹೇಳೋರು, ಕೊನೆಗೆ ತಾವೇ ಪಿನ್ ಕೊಯ್ದ್ರಂತೆ. ಕೇಳಿದ್ರೆ 'ನನ್ ತಪ್ಪು ಕಣವ್ವ' ಅಂತಷ್ಟೇ ಅಂದ್ರು. ಒಂದು ನಿಮಿಷದ ಬುದ್ಧಿಗೇಡಿತನಕ್ಕೆ ನನ್ ಓದು ಹೋಯ್ತಲ್ಲ ಅಂತ ಸಿಟ್ಟು. ಇವತ್ತಿಗೂ ಇದೆ."

ಮಗಳಿಗೂ ಹೇಳಿರಲಿಲ್ಲ. ತನ್ನ ಮನೆಯೊಳಗೆ, ತನ್ನ ಮಗಳ ಕೋಪವನ್ನು ದಿನಾ ಉಣ್ಣುತ್ತಲೂ ನನ್ನ ಹೆಸರು ಹೇಳಿರಲಿಲ್ಲ.

ನಾನು ಹೇಳಿದೆ. ನಿಂತಲ್ಲೇ, ಎಲ್ಲವನ್ನೂ. ಬೀಗದ ಕೈ, ಗರಗಸದ ಬ್ಲೇಡು, ಎಚ್‌ಒಡಿ, ಪ್ರಿನ್ಸಿಪಾಲರ ಕೋಣೆಯಲ್ಲಿ ನಾನಾಡಿದ ಎರಡು ಮಾತು. ಅವಳು ನನ್ನನ್ನು ಹೊಡೆಯಲಿ, ಕ್ಯಾಕರಿಸಿ ಉಗಿಯಲಿ ಎಂದು ಕಾದೆ. ಇಷ್ಟು ವರ್ಷದ ಹೊರೆ ಇಳಿಯುತ್ತದೆ ಎಂದು ಒಳಗೊಳಗೇ ಆಸೆಪಟ್ಟೆ, ಅದನ್ನೂ ಮುಚ್ಚಿಡುವುದಿಲ್ಲ.

ಅವಳು ಗೋಡೆಗೆ ಒರಗಿಕೊಂಡಳು. ಆಮೇಲೆ ತೀರಾ ಮೆಲ್ಲಗೆ, "ಈಗ ಹೇಳ್ತಿದ್ದೀರಲ್ಲ ಮೇಡಂ... ಈಗ ನಾನು ಯಾರ ಹತ್ರ ಹೋಗಿ ಮಾತಾಡ್ಲಿ?" ಎಂದಳು.

ಊಟದ ಹೊತ್ತು ಮುಗಿದ ಬೆಲ್ಲು ಹೊಡೆಯಿತು. ಅವಳು ಕಣ್ಣೊರೆಸಿಕೊಂಡು, ಏಪ್ರನ್ ಸರಿಮಾಡಿಕೊಂಡು, ನನ್ನ ಮಕ್ಕಳಿಗೆ ಉಳಿದ ಮೆಷಿನ್ನುಗಳನ್ನು ತೋರಿಸಲು ಒಳಗೆ ಹೋದಳು.