ಎರಡು ಪುಟದ ಬೀದರ

ಮೈಸೂರು ಕಡೆಯಿಂದ ನಮ್ಮ ಊರಿಗೆ ವರ್ಗವಾಗಿ ಬರುವ ಸರ್ಕಾರಿ ಜನರು ಬಸ್ಸಿನಿಂದ ಇಳಿದ ಕೂಡಲೇ ಮೊದಲು ಕೇಳುವುದು, ಒಳ್ಳೆಯ ಅಕ್ಕಿ ಎಲ್ಲಿ ಸಿಗುತ್ತದೆ ಎಂದು. ಎರಡನೆಯದು, ಇಲ್ಲಿಂದ ಬೇಗನೆ ವರ್ಗ ಮಾಡಿಸಿಕೊಳ್ಳಲು ಯಾರನ್ನು ಕಾಣಬೇಕು ಎಂದು. ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬೀದರದ ಗಂಜಿನಲ್ಲಿ, ಎಂದರೆ ಧಾನ್ಯಪೇಟೆಯಲ್ಲಿ, ರೈತರ ಕಾಳು ಮಾರಿಸಿಕೊಡುವ ನನ್ನ ಅಡತಿ ಅಂಗಡಿಗೆ ಬಂದು ಈ ಎರಡು ಪ್ರಶ್ನೆ ಕೇಳದ ಗುಮಾಸ್ತರೇ ಇಲ್ಲ. ಜೋಳದ ರಾಶಿಯ ನಡುವೆ ಕೂತವನ ಹತ್ತಿರ ಅಕ್ಕಿಯನ್ನು ವಿಚಾರಿಸುವವರ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆಗೂ ಒಂದು ಮಾತೃಭಾಷೆ ಇರುತ್ತದೆ. ಸಿಟ್ಟು ಬಂದದ್ದು ಮೂರನೆಯ ಪ್ರಶ್ನೆಗೆ.

ಜಿಲ್ಲಾ ಕಚೇರಿಯ ಗುಮಾಸ್ತರೊಬ್ಬರು, ಸಭ್ಯ ಮನುಷ್ಯರೇ ಹೌದು, ಹೊಸ ರಾಜ್ಯದ ಜಿಲ್ಲೆಗಳನ್ನು ಪರಿಚಯಿಸುವ ಪುಸ್ತಕವೊಂದು ಸಿದ್ಧವಾಗುತ್ತಿದೆಯೆಂದೂ, ಆದಿಯಿಂದ ಇಂದಿನವರೆಗೆ ಬೀದರದ ಇತಿಹಾಸ ಬರೆದುಕೊಡಬಲ್ಲವರು ಯಾರಾದರೂ ಇದ್ದಾರೆಯೇ ಎಂದೂ ಕೇಳಿದರು. ನಾನು ಹಿಗ್ಗಿನಿಂದ ಚಹಾ ತರಿಸಿದೆ. ಚಹಾ ಕುಡಿದು ಮುಗಿಸಿದ ಮೇಲೆ ಅವರು, "ಎರಡು ಪುಟ ಸಾಕು ಸ್ವಾಮಿ. ಇಲ್ಲಿ ಅಷ್ಟಾದರೂ ಇದೆಯೋ ಇಲ್ಲವೋ" ಎಂದರು.

ಕುಡಿಸಿದ ಚಹಾವನ್ನು ವಾಪಸು ಪಡೆಯುವ ಪದ್ಧತಿ ಗಂಜಿನಲ್ಲಿ ಇಲ್ಲ.

ಎರಡು ಪುಟ. ಒಂದು ಚೀಲ ತೊಗರಿಯ ಗುಣ ವರ್ಣಿಸಲಿಕ್ಕೇ ನನಗೆ ಅರ್ಧ ಗಂಟೆ ಬೇಕು. ಮಾಂಜ್ರಾ ದಂಡೆಯ ಹೊಲಗಳಲ್ಲಿ ನೇಗಿಲಿಗೆ ಸಿಗುವ ಶಿಲಾಯುಗದ ನುಣುಪಾದ ಕಲ್ಲಿನ ಕೊಡಲಿಗಳನ್ನು ಔರಾದ ಕಡೆಯ ನಮ್ಮ ರೈತರು ಸಿಡಿಲಿನ ಜೊತೆಗೆ ಬಿದ್ದವೆಂದು ನಂಬಿ ಮನೆಯಲ್ಲಿಟ್ಟು ಕುಂಕುಮ ಹಚ್ಚುತ್ತಾರೆ. ಅಲ್ಲಿಂದ ಹೊರಟು, ಕಲ್ಯಾಣದ ಚಾಲುಕ್ಯರು, ಜಾತಿಯ ಗೋಡೆಗೆ ತಲೆಯೊಡ್ಡಿದ ಶರಣರು, ಕೋಟೆಯ ಸುತ್ತ ಕೆಂಗಲ್ಲಿನಲ್ಲಿ ಮೂರು ಸಾಲು ಕಂದಕ ಕಡಿಸಿದ ಬಹಮನಿಗಳು, ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ತಂದ ಹೆಸರಿಲ್ಲದ ಕೆಲಸಗಾರರು, ಬರೀದರು, ಮೊಘಲರು, ನಿಜಾಮರು, ಇಷ್ಟನ್ನೂ ದಾಟಿ, ಕೊನೆಗೆ ನಕ್ಷೆಯ ಮೇಲೆ ಗೆರೆಯೆಳೆದು ಒಂದೇ ಜಿಲ್ಲೆಯನ್ನು ಆಂಧ್ರಕ್ಕಿಷ್ಟು, ಮುಂಬಯಿಗಿಷ್ಟು, ಮೈಸೂರಿಗಿಷ್ಟು ಎಂದು ಹಂಚಿದ ದಿನದವರೆಗೆ ಬರಬೇಕು. ಮಾಲು ನೋಡದೆ ದರ ಹೇಳುವ ಗಿರಾಕಿಯನ್ನು ಅಂಗಡಿಯ ಮೆಟ್ಟಿಲು ಹತ್ತಗೊಡಬಾರದು. ವ್ಯಾಪಾರಕ್ಕೆ ಇಳಿಯುವ ಯಾರಿಗೇ ಆಗಲಿ, ಇದು ನನ್ನ ಪುಕ್ಕಟೆ ಉಪದೇಶ.

ಪುಕ್ಕಟೆ ಉಪದೇಶ ನನ್ನ ಚಟ. ತಲೆಯ ಮೇಲೆ ಚೀಲ ಹೊತ್ತು ಗಂಜಿಗೆ ಬಂದವನು ಸಾವಕಾರನ ಗಾದಿಯ ಮೇಲೆ ಕೂತ ಮೇಲೆ, ತನ್ನ ಬುದ್ಧಿಯಿಂದಲೇ ಕೂತೆನೆಂದು ಭ್ರಮಿಸಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಹೋಗುತ್ತಾನೆ. ಆ ಚಟಕ್ಕೆ ಬಲಿಯಾದವರು ಭಾಲ್ಕಿಯಲ್ಲಿದ್ದಾರೆ: ನನಗೆ ಅಕ್ಷರ ಕಲಿಸಿದ ಶಂಕ್ರೆಪ್ಪ ಮಾಸ್ತರರು.

ಅವರು ಕಲಿಸಿದ್ದು ಉರ್ದು ಅಕ್ಷರ. ನಿಜಾಮರ ಕಾಲದ ಸಾಲೆಯಲ್ಲಿ ಅದೇ ಇತ್ತು. ಮನೆಯಲ್ಲಿ ಕನ್ನಡ, ಕನಸಿನಲ್ಲಿ ಕನ್ನಡ, ಜಗಳದಲ್ಲಂತೂ ಶುದ್ಧ ಕನ್ನಡ. ಕೈಗೆ ಲೇಖಣಿ ಬಂದರೆ ಮಾತ್ರ ಉರ್ದು. ನಮ್ಮ ತಲೆಮಾರಿನ ಅರ್ಧ ಜಿಲ್ಲೆ ಹೀಗೇ ಇದೆ. ಕನ್ನಡ ಬರೆಯುವುದನ್ನು ನಾನು ಮೀಸೆ ಬಂದ ಮೇಲೆ ಮಠದ ಕಟ್ಟೆಯ ಮೇಲೆ ಕಲಿತೆ. ಮಾಸ್ತರರು ಕಲಿಯಲೇ ಇಲ್ಲ. ಅವರು ರಜೆ ಸಿಕ್ಕಾಗಲೆಲ್ಲ ಹಳ್ಳಿ ಹಳ್ಳಿ ತಿರುಗಿ, ಯಾವ ಅರಸ ಯಾರ ಕಣದಿಂದ ಎಷ್ಟು ಕಾಳು ಒಯ್ದ, ಯಾವ ಬಾವಿಯನ್ನು ಯಾರು ತೋಡಿದರು ಎಂದು ಮುದುಕರನ್ನು ಕೇಳಿ ಕೇಳಿ, ಈ ಸೀಮೆಯ ಇತಿಹಾಸವನ್ನು ಬರೆದು ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು, ಉರ್ದುವಿನಲ್ಲಿ.

ರಾಜ್ಯ ಬದಲಾಗುವ ಮೊದಲು ಹೈದರಾಬಾದಿನ ಮುದ್ರಕರೊಬ್ಬರು ಅದನ್ನು ಅಚ್ಚುಹಾಕಲು ಒಪ್ಪಿದ್ದರು. ಮಾಸ್ತರರು ಗಂಟು ಹಿಡಿದು ನನ್ನ ಅಂಗಡಿಗೇ ಬಂದು, "ಕೊಡ್ಲೇನೋ?" ಎಂದು ಕೇಳಿದರು.

"ತಡೀರಿ ಮಾಸ್ತರ್" ಎಂದೆ ನಾನು, ಮಹಾಜ್ಞಾನಿ. "ರಾಜ್ಯ ಬದಲಾಗೋ ಗಾಳಿ ಅದ. ನಮ್ಮ ಸರ್ಕಾರ ಬರ್ಲಿ. ಆಗ ನಿಮ್ಮ ಮಾಲಿಗಿ ಖರೇ ಬೆಲೆ ಬರ್ತದ."

ತೊಗರಿಯಲ್ಲಿ ಈ ಯುಕ್ತಿ ನನಗೆಂದೂ ಕೈಕೊಟ್ಟಿರಲಿಲ್ಲ. ಮಾಸ್ತರರು ತಡೆದರು. ನಮ್ಮ ಸರ್ಕಾರ ಬಂತು. ಅದಕ್ಕಿಂತ ಮುಂಚೆ ಅವರ ಕಣ್ಣಿಗೆ ಪೊರೆ ಬಂತು. ಪೊರೆ ಕೊಯ್ಯಿಸಿದಾಗ ಒಂದು ಕಣ್ಣು ಕೆಟ್ಟಿತು. ಇನ್ನೊಂದರಲ್ಲಿ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಅವರ ಅವಸರದ ಬರಹವನ್ನೋ ಅವರ ಹೊರತು ಯಾರೂ ಓದಲಾರರು. ಗಂಜಿನಲ್ಲಿ ಉರ್ದು ಲೆಕ್ಕ ಬರೆಯುವ ಹಳೆಯ ಮುನ್ಶಿಗೆ ತೋರಿಸಿದರೆ, "ಇರಿವಿ ಶಾಯಿದಾಗ ಬಿದ್ದು ಎದ್ದು ಮನಿಗಿ ಹೋಗ್ಯಾದ ನೋಡ್ರಿ ಸಾವಕಾರ್ರ" ಎಂದು ಕೈಮುಗಿದ.

ಗುಮಾಸ್ತರ ಎರಡು ಪುಟದ ಸುದ್ದಿ ಹೊತ್ತು ನಾನು ಭಾಲ್ಕಿಗೆ ಹೋದಾಗ ಬಾಗಿಲು ತೆಗೆದವರು ಮಾಸ್ತರರ ಹೆಂಡತಿ ಕಾಶಮ್ಮನವರು.

"ಬರ್ರಿ ಸಾವಕಾರ್ರ. ಇವತ್ತ ಏನ್ 'ತಡೀರಿ' ಅಂತ ಹೇಳ್ಲಾಕ ಬಂದೀರಿ?"

"ಅವ್ವಾರ, ತಪ್ಪಾಗ್ಯಾದ."

"ತೊಗರಿ ತಡದ್ರ ಹುಳ ಹತ್ತತಾವ, ಮತ್ತ ಹೊಸಾದು ಬೆಳೀತದ. ಇವರ ಕಣ್ಣ ಯಾವ ಹೊಲದಾಗ ಬೆಳೀತಾವರಿ?"

ಒಳಗಿನಿಂದ ಮಾಸ್ತರರು, "ಅವನಿಗಿ ಬೈಯೋದು ಆಮ್ಯಾಲ. ಕನ್ನಡ ಬರೀಲಾಕ ಬರ್ತದಲ್ಲ ಅವನಿಗಿ, ಕುಂದ್ರಸು" ಎಂದರು.

ಹಾಗೆ ಪ್ರತಿ ಭಾನುವಾರ ರೈಲು ಹತ್ತಿ ಹೋಗಿ ಬರೆದುಕೊಳ್ಳತೊಡಗಿದೆ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ನೆನಪಿನಿಂದ ಅವರು ಹೇಳುವರು. ಕೊಡಲಿಯ ಕಾಲದಿಂದ ಎತ್ತಿಕೊಂಡರೆ ಸುರಂಗದ ನೀರಿಗೆ ಹಾರುವರು, ಅಲ್ಲಿಂದ ಮತ್ತೆ ಔರಾದದ ಯಾವುದೋ ಹೊಲದ ಬದುವಿಗೆ ಬರುವರು. ಕೆಲವು ದಿನ ಒಂದು ಹೆಸರು ನೆನಪಾಗದೆ ಗಂಟಿನ ಹಾಳೆಗಳನ್ನು ಬೆರಳಿನಿಂದ ತಡಕಾಡುವರು, ಶಾಯಿ ಕೈಗೆ ಸಿಕ್ಕೀತೇನೋ ಎಂಬಂತೆ. ಆಗ ನನಗೆ ಮೊದಲು ಗುಮಾಸ್ತರ ಮೇಲೆ, ಆಮೇಲೆ ಹೈದರಾಬಾದಿನ ಮೇಲೆ, ಬೆಂಗಳೂರಿನ ಮೇಲೆ, ಉರ್ದುವನ್ನಷ್ಟೇ ಕಲಿಸಿದ ಹಳೆಯ ಸರ್ಕಾರದ ಮೇಲೆ, ಕನ್ನಡವನ್ನಷ್ಟೇ ಓದುವ ಹೊಸ ಸರ್ಕಾರದ ಮೇಲೆ, ಎಲ್ಲರ ಮೇಲೂ ಉರಿದುಬಂದು, ಹೋಗಲು ಬೇರೆ ಜಾಗವಿಲ್ಲದೆ ಆ ಉರಿ ನನ್ನ ಗಾದಿಗೇ ಬಂದು ಕೂರುತ್ತಿತ್ತು.

ಅಲ್ಲಿಯವರೆಗೆ ಬರೆದಷ್ಟನ್ನೇ ಕಳೆದ ವಾರ ಕಚೇರಿಗೆ ಒಯ್ದೆ. ಗುಮಾಸ್ತರು ಹಾಳೆಗಳನ್ನು ಕೈಯಲ್ಲಿ ತೂಗಿ ನೋಡಿದರು.

"ಇದು ಬಹಳವಾಯಿತಲ್ಲ ಸ್ವಾಮಿ. ರಾಜರ ಹೆಸರಿಟ್ಟುಕೊಂಡು, ಬಾವಿ, ಕಣ, ರೈತರು ಇದನ್ನೆಲ್ಲ ತೆಗೆದುಬಿಡಿ. ನಾಲ್ಕು ಪುಟ ಮಾಡೋಣ, ನಿಮ್ಮ ಮಾತಿಗಾಗಿ."

ಎರಡಿದ್ದದ್ದು ನಾಲ್ಕಾಯಿತು. ಇನ್ನೊಂದು ಚಹಾ ತರಿಸಿದ್ದರೆ ಆರಕ್ಕೆ ಏರುತ್ತಿತ್ತು, ಅದು ನನಗೆ ಗೊತ್ತಿತ್ತು; ಆ ವಿದ್ಯೆಯಿಂದಲೇ ಮನೆ ಕಟ್ಟಿದ್ದೇನೆ. ಆದರೆ ಯಾವ ಬಾವಿಯನ್ನು ಬಿಟ್ಟುಕೊಡಬೇಕೆಂದು ಹೇಳಲು ನನಗೆ ನಾಲಗೆ ಬರಲಿಲ್ಲ. ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಬಂದೆ.

ಭಾನುವಾರ ಭಾಲ್ಕಿಯಲ್ಲಿ ಎಲ್ಲವನ್ನೂ ಹೇಳಿದೆ.

"ಹಾಂಗಾರ ಪುಸ್ತಕದಾಗ ಬರಂಗಿಲ್ಲ ಅನ್ನು" ಎಂದರು ಮಾಸ್ತರರು.

"ಇಲ್ರಿ. ನಾನೇ ಕೊಡ್ಲಿಲ್ಲ."

"ಚೌಕಾಶಿ ಮಾಡ್ಲಿಲ್ಲೇನೋ?"

"ಇಲ್ರಿ."

ಕಾಶಮ್ಮನವರು ಜೋಳ ಕೇರುವುದನ್ನು ನಿಲ್ಲಿಸಿ ಮೊದಲ ಸಲ ನನ್ನ ಕಡೆ ನೆಟ್ಟಗೆ ನೋಡಿದರು. ಮಾಸ್ತರರು ಗಂಟು ಬಿಚ್ಚಿದರು, ಹಾಳೆಗಳನ್ನು ಎಣಿಸಿ ಎಲ್ಲಿಗೆ ನಿಂತಿದ್ದೆವೆಂದು ಕೈಯಿಂದಲೇ ಹುಡುಕಿಕೊಂಡರು, ಮುಖವನ್ನು ಬಾಗಿಲ ಕಡೆ ತಿರುಗಿಸಿದರು.

"ಬೆಳಕ ಇನ್ನಾ ಅದ ಏನೋ, ಬರೀಲಾಕ?"

ಮಧ್ಯಾಹ್ನ ಮೂರು ಗಂಟೆ. ಅಂಗಳದ ಬಿಸಿಲು ಅವರ ಮುಖದ ಮೇಲೆ, ಆ ಉಳಿದ ಕಣ್ಣಿನ ಮೇಲೆಯೇ ಬಿದ್ದಿತ್ತು.

"ಅದರಿ ಮಾಸ್ತರ್" ಎಂದೆ. "ಹೇಳ್ರಿ, ಬರ್ಕೋತೇನಿ."