ನಿಂಗರಾಜು ಅವರಿಗೆ ಕೊಟ್ಟ ಇಯರ್‌ಫೋನ್

ಕಳೆದ ಡಿಸೆಂಬರ್‌ನ ಕೊನೆಯ ದಿನ ಮಳವಳ್ಳಿಯ ನಮ್ಮ ಕಚೇರಿಯವರೆಲ್ಲ ಸೇರಿ ಸಹೋದ್ಯೋಗಿ ನಿಂಗರಾಜು ಅವರಿಗೆ ಇಯರ್‌ಫೋನ್ ಉಡುಗೊರೆ ಕೊಟ್ಟೆವು. ಸಲಹೆ ನನ್ನದು, ಯಾರೂ ಬೇಡವೆನ್ನಲಿಲ್ಲ. ಮಂಡ್ಯದಿಂದ ನಾವು ಬರುವ ಬೆಳಗಿನ ಬಸ್ಸಿನಲ್ಲಿ, ಮನೆ ಬಿಟ್ಟುಹೋದ ಸೊಸೆಯೊಬ್ಬಳ ಧಾರಾವಾಹಿ ಕಥೆಯನ್ನು ಅವರು ಬಸ್ಸಿಗೆಲ್ಲ ಕೇಳುವಂತೆ ಮೊಬೈಲ್‌ನಲ್ಲಿ ಹಾಕುತ್ತಿದ್ದರು. ಪಕ್ಕದಲ್ಲಿ ಕೂರುವ ನಾನು ಕಾದಂಬರಿಯೊಂದರ ಅದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದೆ.

ಉಡುಗೊರೆ ಕೊಟ್ಟ ಮೇಲೆ ಚಹಾ ಕುಡಿಯುತ್ತ, ಆ ವರ್ಷ ಓದಿ, ಕೇಳಿ ಮೆಚ್ಚಿದ್ದನ್ನು ಒಬ್ಬೊಬ್ಬರೇ ಹೇಳತೊಡಗಿದರು. ಬಸ್ಸಿನಲ್ಲಿ ಬರುವವರೆಲ್ಲ ಹೆಸರಿಸಿದ್ದು ಆ ಸೊಸೆಯ ಕಥೆಯನ್ನೇ. ನನ್ನ ಸರದಿ ಬಂದಾಗ, ಕಾದಂಬರಿ ಇನ್ನೂ ಮುಗಿದಿಲ್ಲ ಎಂದೆ.

ಮರುದಿನ ನಿಂಗರಾಜು ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರು. ಬಸ್ಸಿನಲ್ಲಿ ಸದ್ದಿಲ್ಲ. ನಾನು ನೆಮ್ಮದಿಯಿಂದ ಪುಸ್ತಕ ತೆರೆದೆ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಟೈಪಿಸ್ಟ್ ಜಯಮ್ಮ ಕೂಗಿದರು: “ಲೋ ನಿಂಗ್ರಾಜ, ಒಬ್ನೇ ಕೇಳ್ಕಂಡು ಕೂತಿದ್ದೀಯಲ್ಲಾ! ಆ ಸೊಸೆ ಮನ್ಗೆ ಬಂದ್ಲಾ ಇಲ್ವಾ? ಕಿತ್ತಾಕ್ಲಾ ಅದ!”

“ನನ್ನ್ಯಾಕ್ ಬೈತೀಯಕ್ಕ, ಕೊಡ್ಸಿದ್ದು ಇವ್ರು ಕಣಕ್ಕ,” ಎಂದು ನಿಂಗರಾಜು ನನ್ನತ್ತ ಬೆರಳು ಮಾಡಿದರು. ಬಸ್ಸೆಲ್ಲ ನನ್ನ ಕಡೆ ತಿರುಗಿತು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಕೂಡ ಕೈ ನಿಲ್ಲಿಸಿ, “ನಿಮ್ಗ್ ಬ್ಯಾಡ್ದಿದ್ರೆ ನಿಮ್ ಕಿವಿಗ್ ಹಾಕ್ಕಳಿ ಸಾ, ನಮ್ಗ್ಯಾಕ್ ಕಥೆ ತಪ್ಪುಸ್ತೀರಿ?” ಎಂದರು.

ಇಯರ್‌ಫೋನ್ ಈಗ ನನ್ನ ಬ್ಯಾಗಿನಲ್ಲಿದೆ. ಕಾದಂಬರಿ ಅದೇ ಪುಟದಲ್ಲಿದೆ. ನಿನ್ನೆಯವರೆಗೆ ಸೊಸೆ ಮನೆಗೆ ಬಂದಿಲ್ಲ.